ಅವಳ ಕಾಲಿನ ಚಳಿ

"ನಿಲ್ಲಿ! ಅಲ್ಲೇ ನಿಲ್ಲಿ! ಅದು ರ‍್ಯಾಕು!"

ಎತ್ತಿದ ಕಾಲನ್ನು ಹಾಗೇ ಎತ್ತಿ ಹಿಡಿದು ಅವನು ಸುತ್ತ ನೋಡಿದ. ಆಸ್ಪತ್ರೆಯ ಮೂರನೇ ಮಹಡಿಯ ಆ ಉದ್ದನೆಯ ಕೋಣೆಯಲ್ಲಿ ಕೂರಲು ಒಂದು ಸ್ಟೂಲು ಕೂಡ ಇರಲಿಲ್ಲ. ಇದ್ದದ್ದು ಬರೀ ನೆಲ, ನೆಲದ ತುಂಬ ಹಳದಿ ಟೇಪಿನ ಚೌಕಗಳು, ಆ ಚೌಕಗಳ ನಡುವೆ ಮಂಡಿಯೂರಿ ಕೂತು ಅವನನ್ನೇ ದುರುಗುಟ್ಟಿ ನೋಡುತ್ತಿದ್ದ ಒಬ್ಬ ಹುಡುಗಿ.

"ಎಲ್ಲಿದೆ ಮೇಡಂ ರ‍್ಯಾಕು?"

"ನಿಮ್ಮ ಕಾಲ ಕೆಳಗೆ! ಬರೋ ತಿಂಗಳು ಬರತ್ತೆ."

"ಬಂದ ಮೇಲೆ ಕಣ್ಣಿಗೆ ಕಾಣತ್ತಲ್ಲ..."

"ಆಮೇಲೆ ಕಂಡು ಏನು ಪ್ರಯೋಜನ? ಜಾಗ ಸಾಲಲಿಲ್ಲ ಅಂತ ಗೋಡೆ ಒಡೀತೀರಾ?"

ಅವನು ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದುಕೊಂಡ. ಹೆಗಲಿನ ಚೀಲ ಕೆಳಗಿಟ್ಟು, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಮುಖ ಮಾಡಿಕೊಂಡು ಕೇಳಿದ.

"ಹಾಗಾದ್ರೆ ಒಳಗೆ ಬರೋಕೆ ದಾರಿ ಯಾವುದು?"

"ಆ ಕೊನೆಗೆ. ಸುತ್ತಿ ಬನ್ನಿ."

ಬಂದನಲ್ಲ ಮಹಾರಾಯ! ಕೋಣೆಯ ಆ ತುದಿಗೆ ಹೋಗಿ, ಇಲ್ಲದ ರ‍್ಯಾಕುಗಳ ನಡುವೆ ಹೊಟ್ಟೆ ಒಳಕ್ಕೆಳೆದುಕೊಂಡು, ಅಡ್ಡಡ್ಡ ಹೆಜ್ಜೆ ಹಾಕುತ್ತಾ, "ಸ್ವಲ್ಪ ಜಾಗ ಬಿಡಿ, ಸ್ವಲ್ಪ ಜಾಗ ಬಿಡಿ" ಎಂದು ಗಾಳಿಗೆ ಹೇಳುತ್ತಾ ಬಂದ. ಅವಳಿಗೆ ನಗು ಬಂತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳಿಗೆ ಅಷ್ಟು ಬೇಗ ನಗುವುದು ಇಷ್ಟವಿರಲಿಲ್ಲ. ಟೇಪಿನ ಉಂಡೆಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

ಅವಳ ಕೆಲಸವೇ ಅದು. ಸರ್ವರ್ ಎಂಬ ಆ ದೊಡ್ಡ ಕಂಪ್ಯೂಟರುಗಳು ಎಲ್ಲಿ ನಿಲ್ಲಬೇಕು, ಯಾವ ಕಡೆ ಮುಖ ಮಾಡಬೇಕು ಎಂದು ತೀರ್ಮಾನಿಸುವವಳು. ನೋಡಲು ಬರೀ ಕಬ್ಬಿಣದ ಕಪಾಟು, ಹೆಸರು ರ‍್ಯಾಕು, ಆದರೆ ಅವುಗಳ ಬೇಡಿಕೆ ಹೊಸ ಅಳಿಯನಿಗಿಂತ ಹೆಚ್ಚು. ಮುಂದೆ ಎಳೆದು ತೆಗೆಯಲು ಜಾಗ ಬೇಕು. ಹಿಂದೆ ಬಾಗಿಲು ತೆರೆದು ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬೇಕು. ತಲೆಯ ಮೇಲೆ ನೀರಿನ ಪೈಪು ಹಾದಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮುಖದ ಎದುರಿಗೇ ತಣ್ಣನೆ ಗಾಳಿ ಬರಬೇಕು.

ಇವಳಿಗೋ ಕಾಗದದ ಮೇಲಿನ ನಕ್ಷೆಯಲ್ಲಿ ನಂಬಿಕೆಯಿಲ್ಲ. ಪ್ರತಿಯೊಂದು ರ‍್ಯಾಕನ್ನೂ ಅದರ ನಿಜವಾದ ಅಳತೆಯಲ್ಲಿ ನೆಲದ ಮೇಲೆ ಟೇಪು ಹಚ್ಚಿ ಬರೆಯುತ್ತಿದ್ದಳು. ಆಮೇಲೆ ಒಳಗೆ ಬಂದವರು ಯಾರೇ ಇರಲಿ, ಬಡಗಿಯಾಗಲಿ ಡಾಕ್ಟರಾಗಲಿ, ಆ ಟೇಪು ದಾಟುವಂತಿಲ್ಲ. ಕೆಲಸಗಾರರೆಲ್ಲ ಸೇರಿ ಅವಳಿಗೆ 'ಟೇಪಮ್ಮ' ಎಂದು ಹೆಸರಿಟ್ಟಿದ್ದರು.

ಅವನು ಅಪ್ಪನ ಸಣ್ಣ ಕಂಪನಿಯಿಂದ ಎಸಿ ಹಾಕಲು ಬಂದವನು. ಎರಡೇ ದಿನದಲ್ಲಿ ಅವಳು ಅವನಿಗೆ 'ಗಾಳಿರಾಯ' ಎಂದು ಹೆಸರಿಟ್ಟಳು.

ಪ್ರೀತಿ ಶುರುವಾದದ್ದು ಮೆಲ್ಲಗೆ. 'ಮೇಡಂ' ಹೋಗಿ 'ನೀವು' ಬಂತು, 'ನೀವು' ಹೋಗಿ 'ನೀನು' ಬಂತು. ಕೆಲಸದವರು ಟೀ ತರಿಸಿದರೆ ಇಬ್ಬರ ಲೋಟ ಒಂದೇ ಕಿಟಕಿಯ ಮೇಲೆ ಇಡತೊಡಗಿದರು. ಅವಳು ಅಕ್ಕನ ಮನೆಯಲ್ಲಿ ಇದ್ದವಳು. ಅಕ್ಕನಿಗೆ ಊಟಕ್ಕೆ ಕೂತಾಗಲೇ ವಾಸನೆ ಹತ್ತಿತು.

"ಏನೇ ಇದು, ಒಂದು ವಾರದಿಂದ ಬಾಯಿ ತೆಗೆದ್ರೆ ಗಾಳಿರಾಯ, ಗಾಳಿರಾಯ! ಗಾಳಿ ಸೋಕಿತಾ ಏನು?"

"ಹೋಗೇ ಅಕ್ಕ!" ಎಂದು ತಟ್ಟೆ ಎತ್ತಿಕೊಂಡು ಓಡಿದಳು.

ರ‍್ಯಾಕುಗಳು ಬಂದವು, ಟೇಪಿನ ಗೆರೆಗೆ ಗೆರೆ ಕೂತವು. ಅವಳು ಟೇಪು ಹಚ್ಚಿದ್ದು ಕಟ್ಟಡದ ನೆಲಕ್ಕಲ್ಲ, ಅದರ ಮೇಲೆ ಒಂದು ಗೇಣು ಎತ್ತರಕ್ಕೆ ಹಾಕಿದ್ದ ಇನ್ನೊಂದು ನೆಲಕ್ಕೆ. ಎಲ್ಲ ಚೌಕ ಚೌಕ ಟೈಲುಗಳು, ಬೇಕೆಂದಾಗ ಎತ್ತಬಹುದಾದವು. ಎಸಿ ತನ್ನ ತಣ್ಣನೆ ಗಾಳಿಯನ್ನು ಆ ಟೈಲುಗಳ ಅಡಿಗೆ ನೂಕುತ್ತದೆ. ರ‍್ಯಾಕಿನ ಮುಖ ಎಲ್ಲಿದೆಯೋ ಅಲ್ಲಿ ಮಾತ್ರ ತೂತಿನ ಟೈಲು ಹಾಕಿರುತ್ತಾರೆ, ಗಾಳಿ ಅಲ್ಲಿಂದ ಮೇಲೆದ್ದು ಯಂತ್ರದ ಒಳಗೆ ಹೋಗುತ್ತದೆ. ಯಾವ ತೂತಿನ ಟೈಲು ಎಲ್ಲಿ ಎಂದು ಬರೆದವಳು ಅವಳು. ಟೈಲು ಎತ್ತುವ ರಬ್ಬರಿನ ಹಿಡಿಕೆ ಇದ್ದದ್ದು ಅವನ ಚೀಲದಲ್ಲಿ. ಅಲ್ಲಿ ಅದು ಒಂದೇ ಇತ್ತು.

ಇನ್ನು ಅವಳ ಮೇಜಿನ ವಿಷಯ. ಅಷ್ಟೂ ಯಂತ್ರಗಳಿಗೆ ಜಾಗ ಮಾಡಿಕೊಟ್ಟವಳಿಗೆ ಕೂರಲು ಜಾಗ ಕೊಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಮೊದಲ ಸಾಲಿನ ಕೊನೆಯ ರ‍್ಯಾಕಿನ ಪಕ್ಕ ಅವಳೇ ಒಂದು ಹಳೆ ಮೇಜು ಎಳೆದು ಹಾಕಿಕೊಂಡಳು. ಕಾಲು ಚಾಚಿದರೆ ಸರಿಯಾಗಿ ಒಂದು ತೂತಿನ ಟೈಲಿನ ಮೇಲೆ ಬೀಳುತ್ತಿತ್ತು.

"ಅಯ್ಯೋ, ಕಾಲು ಮರಗಟ್ಟಿ ಹೋಯ್ತು ಕಣೋ! ನಿನ್ನ ಗಾಳಿ ನನ್ನ ಮೇಲೇ ಯಾಕೆ ಸೇಡು ತೀರಿಸ್ಕೊಳ್ಳತ್ತೆ?"

"ಸಾಕ್ಸ್ ಹಾಕ್ಕೊಂಡು ಬಾ ಅಂದ್ರೆ ಕೇಳಲ್ಲ."

"ಹಾಕ್ಕೊಂಡಿದೀನಿ. ಎರಡು ಜೊತೆ!"

ಅವನು ಬಗ್ಗಿ ನೋಡಿದ. ನಿಜವಾಗಿಯೂ ಎರಡು ಜೊತೆ ಹಾಕಿದ್ದಳು, ಒಂದರ ಮೇಲೊಂದು, ಬೇರೆ ಬೇರೆ ಬಣ್ಣದವು. ಬೆರಳ ತುದಿ ಮುಟ್ಟಿದರೆ ಆಗಲೂ ಐಸು.

ಮರುದಿನದಿಂದ ಅವಳ ಕಾಲು ಬೆಚ್ಚಗಾಯಿತು.

ಯಾಕೆ ಬೆಚ್ಚಗಾಯಿತು? ಒಂದು ಮಾತು ಕೇಳಬಹುದಿತ್ತು. ಗಾಳಿಯ ದಾರಿಯನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದವಳು ಬಗ್ಗಿ ನೆಲ ನೋಡಬಹುದಿತ್ತು. ನೋಡಲಿಲ್ಲ ಪುಣ್ಯಾತ್ಗಿತ್ತಿ! 'ಪ್ರೀತಿಯಲ್ಲಿ ಬಿದ್ದವರಿಗೆ ಚಳಿ ಗೊತ್ತಾಗಲ್ವೇನೋ...' ಎಂದು ತಾನೇ ಒಂದು ಕಾರಣ ಕೊಟ್ಟುಕೊಂಡು, ಒಬ್ಬಳೇ ನಾಚಿಕೊಂಡಳು.

ಅದೇ ವಾರ ಅವನು ಅವಳನ್ನು ಪಕ್ಕದ ಖಾಲಿ ಕೋಣೆಗೆ ಕರೆದುಕೊಂಡು ಹೋದ. ನೆಲದ ಮೇಲೆ ಹಳದಿ ಟೇಪು. ಅವಳದೇ ಟೇಪು, ಕದ್ದದ್ದು!

"ಇದೇನೋ?"

"ಮನೆ. ಇದು ಅಡುಗೆಮನೆ. ಇದು ಮಂಚ. ಇಲ್ಲಿ ನಿನ್ನ ಮೇಜು, ಬಿಸಿಲು ಬೀಳೋ ಕಡೆ. ಕಾಲಿಗೆ ಚಳಿ ಆಗಬಾರದಲ್ಲ."

ಅವಳು ಸೊಂಟದಿಂದ ಅಳತೆಯ ಟೇಪು ತೆಗೆದಳು. ಮಂಚ ಅಳೆದಳು, ಒಲೆ ಅಳೆದಳು. ಕಣ್ಣು ತುಂಬಿ ಬಂದು ಅಂಕಿ ಕಾಣುತ್ತಿರಲಿಲ್ಲ, ಆದರೂ ಅಳೆದಳು.

"ದಡ್ಡ! ನಿನ್ನ ಮನೆಗೆ ಬಾಗಿಲೇ ಇಲ್ಲ!"

"ಬಾಗಿಲು ಯಾಕೆ? ಒಳಗೆ ಬಂದವಳು ಹೊರಗೆ ಹೋಗಬಾರದು."

ಹೀಗೆಲ್ಲ ಮಾತಾಡಿಬಿಡುತ್ತಾರೆ ಗಂಡಸರು. ಕೇಳಿದವರು ಆಮೇಲೆ ವರ್ಷಗಟ್ಟಲೆ ಅದನ್ನೇ ಮೆಲುಕು ಹಾಕುತ್ತಾ ಅಳಬೇಕು.

ಕೋಣೆ ಶುರುವಾಗುವ ಹಿಂದಿನ ದಿನ ನೆಲವನ್ನು ಕೊನೆಯ ಸಲ ಒಂದು ಸುತ್ತು ನೋಡುವುದು ಅವಳ ಪದ್ಧತಿ. ಆದರೆ ಅಂದು ಸಂಜೆ ಅಕ್ಕನ ಮನೆಗೆ ಅವನ ಅಪ್ಪ ಅಮ್ಮ ಬರುವವರಿದ್ದರು. ಅಕ್ಕ ಬೆಳಿಗ್ಗೆಯಿಂದ ಫೋನಿನ ಮೇಲೆ ಫೋನು. 'ಎಲ್ಲ ನಾನೇ ಹಾಕಿಸಿದ್ದಲ್ವಾ, ಇನ್ನೇನು ನೋಡೋದು?' ಎಂದುಕೊಂಡು ಅವಳು ಬೇಗ ಹೊರಟಳು.

ಮಾತುಕತೆ ಚೆನ್ನಾಗಿ ನಡೆಯಿತು. ಅವನ ಅಮ್ಮ ಅವಳ ಗಲ್ಲ ಸವರಿ, "ನಮ್ಮ ಮನೇಲೂ ಒಂದು ವಸ್ತು ಅದರ ಜಾಗದಲ್ಲಿ ಇರಲ್ಲಮ್ಮ, ನೀನೇ ಬಂದು ಸರಿ ಮಾಡಬೇಕು" ಎಂದರು. ಎಲ್ಲರೂ ನಕ್ಕರು.

ಮರುದಿನ ಅಷ್ಟೂ ಯಂತ್ರಗಳನ್ನು ಒಟ್ಟಿಗೆ ಶುರು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಮೊದಲ ಸಾಲಿನ ಕೊನೆಯ ರ‍್ಯಾಕು ಕಾದು ಕೆಂಡವಾಗಿ ನಿಂತುಹೋಯಿತು. ಅದರ ಕೆಲಸ ಪಕ್ಕದ್ದರ ಮೇಲೆ ಬಿತ್ತು, ಅದೂ ನಿಂತಿತು. ಕೆಳಗಿನ ಮಹಡಿಗಳಲ್ಲಿ ರಿಪೋರ್ಟು ಬರಲಿಲ್ಲ, ಎಕ್ಸ್‌ರೇ ತೆರೆಯಲಿಲ್ಲ. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದ ಒಬ್ಬ ಮುದುಕರನ್ನು ಹಾಗೇ ವಾಪಸು ತಂದರು. ಅವರ ಮಗಳು ಮೆಟ್ಟಿಲ ಮೇಲೆ ನಿಂತು ಕೂಗಾಡಿದ್ದು ಮೂರನೇ ಮಹಡಿಯವರೆಗೂ ಕೇಳಿಸಿತು.

ಅವಳನ್ನು ಮತ್ತೆ ಆ ಕೋಣೆಗೆ ಬಿಡಲಿಲ್ಲ. ಎರಡು ದಿನದ ನಂತರ ವಿಚಾರಣೆ. ಉದ್ದನೆಯ ಮೇಜು. ತುದಿಯಲ್ಲಿ ಅವಳ ಕಂಪನಿಯ ದೊಡ್ಡ ಸಾಹೇಬರು. ಒಂದು ಕಡೆ ಅವಳು, ಎದುರಿಗೆ ಅವನು.

"ಎಸಿ ಸರಿಯಿತ್ತೇನಪ್ಪಾ?"

"ಇತ್ತು ಸಾರ್. ನನ್ನ ಕಡೆಯಿಂದ ಎಲ್ಲ ಸರಿಯಿತ್ತು."

ಅವಳು ಅವನ ಮುಖವನ್ನೇ ನೋಡುತ್ತಾ ಕಾದಳು. ಇನ್ನೊಂದು ಮಾತು ಹೇಳುತ್ತಾನೆ. 'ಪ್ಲಾನೂ ಸರಿಯಿತ್ತು ಸಾರ್, ಅವಳು ಎಷ್ಟು ಕಷ್ಟಪಟ್ಟಿದ್ದಾಳೆ ನಾನು ನೋಡಿದೀನಿ...' ಹೇಳು! ಹೇಳೋ!

ಅವನು ಮೇಜನ್ನು ನೋಡುತ್ತಾ ಕೂತ.

"ಎಸಿ ಸರಿಯಿದ್ರೆ ಇನ್ನೇನು? ಜಾಗದ ಪ್ಲಾನೇ ತಪ್ಪು," ಎಂದರು ದೊಡ್ಡ ಸಾಹೇಬರು. ಅಷ್ಟಕ್ಕೇ ಮುಗಿಯಿತು. ನಡುವೆ ಇನ್ನೊಂದು ಎಸಿ ತಂದು ನಿಲ್ಲಿಸಿದರು, ಕೋಣೆ ನಡೆಯಿತು. ನೆಲ ನೋಡಲು ಯಾರೂ ಬಗ್ಗಲಿಲ್ಲ. ಅವಳ ತಲೆಯ ಮೇಲೆ ಗೂಬೆ ಕೂರಿಸಿ ಮನೆಗೆ ಕಳಿಸಿದರು.

ಅವನು ಫೋನು ಮಾಡಿದ. ಅವಳು ಎತ್ತಲಿಲ್ಲ. ಮತ್ತೆ ಮಾಡಿದ, ಮತ್ತೆ ಎತ್ತಲಿಲ್ಲ. ಆಮೇಲೆ ಅವನೂ ನಿಲ್ಲಿಸಿದ. ಸಂಬಂಧದ ಮಾತು ಅಲ್ಲಿಗೇ ನಿಂತಿತು.

* * *

ನಾಲ್ಕು ವರ್ಷ ಅವಳು ಅಡುಗೆಮನೆಯ ಕಪಾಟು ಅಳೆದಳು. ಒಂದು ಪೀಠೋಪಕರಣದ ಅಂಗಡಿಯವರು ಕಳಿಸಿದ ಮನೆಗೆ ಹೋಗುವುದು, ಒಲೆ ಎಲ್ಲಿ, ಸಿಂಕು ಎಲ್ಲಿ ಎಂದು ಹೇಳುವುದು. ಹೊಸ ದಂಪತಿಗಳು ಕೈ ಕೈ ಹಿಡಿದುಕೊಂಡು, "ಇಲ್ಲಿ ಇನ್ನೊಂದು ಡ್ರಾಯರ್ ಬರತ್ತಾ?" ಎಂದು ಕೇಳುತ್ತಿದ್ದರು. "ಬರತ್ತೆ," ಎಂದು ಹೇಳಿ ಬೇರೆ ಕಡೆ ತಿರುಗುತ್ತಿದ್ದಳು.

ಟೇಪು ಹಚ್ಚುವುದನ್ನು ಬಿಟ್ಟುಬಿಟ್ಟಳು. ನಗುವುದನ್ನೂ ಹೆಚ್ಚುಕಡಿಮೆ ಬಿಟ್ಟಂತೆಯೇ.

ಕೊನೆಗೆ ಒಂದು ಸಣ್ಣ ಕಂಪನಿಯ ಯಜಮಾನಿ ಅವಳ ಹಳೆ ಕೆಲಸ ತಿಳಿದು ಕರೆದುಕೊಂಡರು. ಮೊದಲ ಕೆಲಸವೇ ಆ ಆಸ್ಪತ್ರೆ! ಸರ್ವರುಗಳನ್ನೆಲ್ಲ ಐದನೇ ಮಹಡಿಗೆ ಸಾಗಿಸುವವರಿದ್ದರು. ಹಳೆ ಕೋಣೆ ಬಿಚ್ಚಿಸಬೇಕು, ಹೊಸದಕ್ಕೆ ಪ್ಲಾನು ಮಾಡಬೇಕು.

"ಹೋಗಬೇಡ ಕಣೇ," ಎಂದಳು ಅಕ್ಕ. "ಆ ಮೆಟ್ಟಿಲು ಹತ್ತೋಕೆ ನಿನಗೆ ಕಾಲಾದರೂ ಹೇಗೆ ಬರತ್ತೆ?"

"ಈಗ ಹೋಗಲಿಲ್ಲ ಅಂದ್ರೆ, ಆವತ್ತು ಅವರು ಹೇಳಿದ್ದೇ ನಿಜ ಅಂತ ಆಗತ್ತೆ ಅಕ್ಕ. ಜನ್ಮ ಪೂರ್ತಿ ಕಪಾಟು ಅಳೀತಾ ಕೂರಬೇಕಾಗತ್ತೆ."

ಅಕ್ಕ ಡಬ್ಬಿಗೆ ಊಟ ತುಂಬಿ ಕೈಗೆ ಕೊಟ್ಟಳು.

ರ‍್ಯಾಕುಗಳನ್ನು ಐದನೇ ಮಹಡಿ ತಯಾರಾಗುವವರೆಗೆ ಬೇರೆ ಕಟ್ಟಡಕ್ಕೆ ಸಾಗಿಸಿದ ಮೇಲೆ ಕೋಣೆ ಮತ್ತೆ ಮೊದಲಿನಂತೆ ಬೋಳು ಬೋಳಾಗಿತ್ತು. ಕಿಟಕಿಯಿಂದ ಬೆಳಗಿನ ಬಿಸಿಲು ಟೈಲುಗಳ ಮೇಲೆ ಬಿದ್ದಿತ್ತು. ಅವಳು ಸುಮ್ಮನೆ ನಡೆದಳು. ತನ್ನ ಪ್ಲಾನು ಅವಳಿಗೆ ಬಾಯಿಪಾಠ. ಇಲ್ಲಿ ಮೊದಲ ಸಾಲು. ಇಲ್ಲಿ ತೂತಿನ ಟೈಲು, ಇಲ್ಲಿ ತೂತಿನ ಟೈಲು, ಇಲ್ಲಿ...

ನಿಂತಳು.

ಕೊನೆಯ ರ‍್ಯಾಕಿನ ಎದುರಿಗೆ ತೂತಿನ ಟೈಲು ಇರಲಿಲ್ಲ. ಬರೀ ಗಟ್ಟಿ ಟೈಲು.

ಕೋಣೆಯ ಉದ್ದಕ್ಕೂ ಕಣ್ಣಾಡಿಸಿದಳು. ಹಿಂದಿನ ಗೋಡೆಯ ಮೂಲೆಯಲ್ಲಿ, ಯಾವ ಯಂತ್ರವೂ ಇರದಿದ್ದ ಕಡೆ, ಅವಳು ಎಂದೂ ಬರೆಯದ ಒಂದು ತೂತಿನ ಟೈಲು ಗೋಡೆಗೆ ಅಂಟಿಕೊಂಡು ಕೂತಿತ್ತು.

ಪ್ಲಾನು ತಪ್ಪಿರಲಿಲ್ಲ! ಯಾರೋ ಬದಲಾಯಿಸಿದ್ದರು! ನಾಲ್ಕು ವರ್ಷ ರಾತ್ರಿ ಹಗಲು 'ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ' ಎಂದು ತಲೆ ಚಚ್ಚಿಕೊಂಡಿದ್ದಳು. ಉತ್ತರ ಇಲ್ಲೇ ಎಲ್ಲರ ಕಾಲ ಕೆಳಗೆ ಬಿದ್ದಿತ್ತು.

ಯಾರು? ಕೇಳಬೇಕೇ? ರಬ್ಬರ್ ಹಿಡಿಕೆ ಇದ್ದದ್ದು ಒಬ್ಬನ ಚೀಲದಲ್ಲಿ. 'ಕೈಗೆ ಬಂದ ಹಾಗೆ ಹಾಕಿ ಹೋಗಿದ್ದಾನೆ... ಹಾಕಿ ಹೋಗಿ, ಅಲ್ಲಿ ಬಂದು ನನ್ನ ಕಡೆಯಿಂದ ಎಲ್ಲ ಸರಿಯಿತ್ತು ಅಂತ...'

"ಸಿಕ್ಕಿತಾ?"

ಬಾಗಿಲಲ್ಲಿ ಅವನಿದ್ದ. ಅದೇ ಚೀಲ. ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು. ಐದನೇ ಮಹಡಿಯ ಎಸಿ ಕೆಲಸಕ್ಕೆ ಅವನೇ ಬಂದಿದ್ದ. ಅವಳು ಇಲ್ಲಿಗೆ ಬರುತ್ತಾಳೆಂದು ತಿಳಿದು ಮೂರು ದಿನದಿಂದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ.

"ಸಿಕ್ಕಿತು," ಎಂದಳು. ಧ್ವನಿ ಅವಳದೇ ಎಂದು ಅವಳಿಗೇ ಅನಿಸಲಿಲ್ಲ. "ನೀವು ಮಾಡಿದ ಕೆಲಸ ಇದು. ಅಲ್ವಾ?"

'ನೀವು' ಎಂದದ್ದು ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು.

"ಹೌದು."

"ಎಷ್ಟು ಸುಲಭವಾಗಿ ಹೌದು ಅಂತೀರಿ!"

"ಸುಲಭ ಅಲ್ಲ. ಆ ಟೈಲು ಎಲ್ಲಿತ್ತು ನೋಡಿ. ಅಲ್ಲಿ ಏನಿತ್ತು ನೆನಪು ಮಾಡಿಕೊಳ್ಳಿ."

ಅವಳು ಸಿಡುಕಿನಿಂದಲೇ ತಿರುಗಿ ನೋಡಿದಳು. ಅಲ್ಲಿ... ಕೊನೆಯ ರ‍್ಯಾಕಿನ ಪಕ್ಕ... ಒಂದು ಹಳೆ ಮೇಜಿತ್ತು. ಮೇಜಿನ ಕೆಳಗೆ ಎರಡು ಜೊತೆ ಸಾಕ್ಸ್ ಹಾಕಿದ ಕಾಲುಗಳಿದ್ದವು.

"ನಿಮ್ಮ ಕಾಲು ಐಸಾಗಿತ್ತು," ಎಂದ ಅವನು. "ಯಂತ್ರ ಎಲ್ಲ ಇನ್ನೂ ಶುರುವಾಗಿರಲಿಲ್ಲ. ನಾಲ್ಕು ದಿನ ಅಷ್ಟೇ, ಆಮೇಲೆ ವಾಪಸು ಹಾಕೋಣ ಅಂತ ತೆಗೆದಿಟ್ಟೆ. ಆಮೇಲೆ... ಮನೆಯವರು ಬರೋದು, ಮಾತುಕತೆ... ಮರೆತೇ ಹೋಯ್ತು."

ಅವಳು ಅಲ್ಲೇ ನೆಲದ ಮೇಲೆ, ಆ ಗಟ್ಟಿ ಟೈಲಿನ ಪಕ್ಕ ಕೂತಳು.

ದ್ವೇಷದಿಂದ ಮಾಡಿದ್ದರೆ ಚೆನ್ನಾಗಿತ್ತು. ಅಸಡ್ಡೆಯಿಂದ ಮಾಡಿದ್ದರೂ ಆಗುತ್ತಿತ್ತು. ಬಾಯಿತುಂಬ ಬೈದು ಎದ್ದು ಹೋಗಬಹುದಿತ್ತು. ಇದನ್ನು ಏನು ಮಾಡುವುದು?

"ಆವತ್ತು ಆ ಮೇಜಿನ ಮುಂದೆ ಕೂತಾಗ...?"

"ಆವತ್ತು ನೆನಪಿರಲಿಲ್ಲ. ಸತ್ಯವಾಗಿ ಇರಲಿಲ್ಲ. ನನ್ನ ಕಡೆಯಿಂದ ಎಲ್ಲ ಸರಿಯಿತ್ತು ಅಂತಾನೇ ಅಂದ್ಕೊಂಡಿದ್ದೆ."

"ಅಷ್ಟೇ ಸಾಕಿತ್ತಾ? ನನ್ನ ಬಗ್ಗೆ ಒಂದು ಮಾತು ಆಡೋಕೆ ಏನಾಗಿತ್ತು ನಿಮಗೆ?"

"ಹೆದರಿಕೆ. ಎಸಿ ತಪ್ಪು ಅಂದ್ರೆ ಅಪ್ಪನ ಕಂಪನಿ ಮುಚ್ಚಬೇಕಿತ್ತು. ನಿಮ್ಮ ಪರ ಮಾತಾಡಿದ್ರೆ ನಮ್ಮಿಬ್ಬರ ವಿಷಯ ಎತ್ತುತ್ತಾರೆ ಅಂತಲೂ ಅನಿಸಿತು. ಮೇಜು ನೋಡ್ತಾ ಕೂತೆ."

"ಮತ್ತೆ ನೆನಪಾದದ್ದು ಯಾವಾಗ?"

"ಆರು ತಿಂಗಳಾದ ಮೇಲೆ. ಬೇರೆ ಎಲ್ಲೋ ಕೆಲಸ ಮಾಡ್ತಿದ್ದೆ. ಅಲ್ಲಿ ಕೂತಿದ್ದ ಒಬ್ಬ ಹೆಂಗಸು, ಕಾಲಿಗೆ ಚಳಿ ಆಗತ್ತೆ, ಈ ತೂತಿನ ಟೈಲ್ ತೆಗೀರಿ ಅಂದ್ರು. ಹಿಡಿಕೆ ಕೈಯಲ್ಲಿ ಹಿಡ್ಕೊಂಡು ಹಾಗೇ ನಿಂತುಬಿಟ್ಟೆ."

"ಆರು ತಿಂಗಳಿಗೇ ಗೊತ್ತಾಯ್ತಾ?" ಅವಳು ಎದ್ದು ನಿಂತಳು. "ಗೊತ್ತಾಗಿ, ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ರಾ?"

"ಬಂದಿದ್ದೆ ಒಂದು ಸಲ. ಬಸ್ ಸ್ಟಾಪಲ್ಲಿ ಕಪಾಟಿನ ಚಿತ್ರಗಳ ಪುಸ್ತಕ ತೊಡೆ ಮೇಲಿಟ್ಕೊಂಡು ಕೂತಿದ್ರಿ. ಹತ್ತಿರ ಬರೋಕೆ ಆಗಲಿಲ್ಲ. ನಿಜ ಹೇಳಿದ್ರೆ ಇನ್ನು ನೀವು ನನಗೆ ಸಿಗಲ್ಲ ಅಂತ ಹೆದರಿದೆ." ಅವನು ತಲೆ ತಗ್ಗಿಸಿದ. "ಹೇಳದೇ ಇದ್ರೂ ಸಿಗಲಿಲ್ಲ."

ಅವಳಿಗೆ ಅಳು ಬಂತು, ಸಿಟ್ಟು ಬಂತು, ಯಾವುದು ಮೊದಲು ಬಂತೋ ಗೊತ್ತಾಗಲಿಲ್ಲ.

"ನನ್ನ ಕಾಲು ಬೆಚ್ಚಗಿಡೋಕೆ ಹೋಗಿ ನನ್ನ ಬದುಕಿಗೇ ಬೆಂಕಿ ಇಟ್ರಿ. ಅದನ್ನಾದರೂ ಮರೀಬಹುದು. ಕೈತಪ್ಪು ಯಾರಿಂದಲೂ ಆಗತ್ತೆ. ಗೊತ್ತಾದ ಮೇಲೂ ಸುಮ್ಮನಿದ್ರಲ್ಲ... ಅದನ್ನ ಹೇಗೆ ಮರೀಲಿ? ಪ್ರೀತಿ ಅಂತೆ ಪ್ರೀತಿ!"

"ನಾನು ಏನು ಮಾಡಲಿ ಹೇಳಿ."

"ನನ್ನನ್ನ ಕೇಳಬೇಡಿ. ಇಷ್ಟು ವರ್ಷ ಕೇಳಿ ಮಾಡಿದ್ರಾ?" ಚೀಲ ಎತ್ತಿಕೊಂಡು ಬಾಗಿಲವರೆಗೂ ಹೋದವಳು ತಿರುಗಿ ನಿಂತಳು. "ನನಗೊಬ್ಬಳಿಗೆ ಹೇಳಿದ್ರೆ ನಿಮ್ಮ ಎದೆ ಹಗುರ ಆಗತ್ತೆ, ಅಷ್ಟೇ. ನನ್ನ ಮರ್ಯಾದೆ ಹೋದದ್ದು ಈ ಕೋಣೇಲಿ ಅಲ್ಲ."

* * *

ಸೋಮವಾರ ಹೊಸ ಮಹಡಿಯ ಬಗ್ಗೆ ಸಭೆ. ಅದೇ ಉದ್ದನೆಯ ಮೇಜು. ಆಸ್ಪತ್ರೆಯ ಆಡಳಿತಾಧಿಕಾರಿ ಹೊಸಬರು. ಅವರ ಪಕ್ಕದಲ್ಲಿ ಸಲಹೆಗಾರರಾಗಿ ಕೂತಿದ್ದವರು ಮಾತ್ರ ಹಳಬರು, ದೊಡ್ಡ ಸಾಹೇಬರೇ! ಅವಳನ್ನು ನೋಡಿ ಹುಬ್ಬು ಹಾರಿಸಿದರು.

"ನೀನಾ ಅಮ್ಮ? ಈ ಸಲ ಜಾಗ ಸ್ವಲ್ಪ ನೋಡಿ ಅಳೆ, ಆಯ್ತಾ?"

ಒಂದಿಬ್ಬರು ನಕ್ಕರು. ಅವಳು ಮೇಜಿನ ಕೆಳಗೆ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡಳು.

ಎದುರಿನ ಕುರ್ಚಿಯಿಂದ ಅವನು ಎದ್ದು ನಿಂತ.

"ಸಾರ್, ಆವತ್ತು ಇವರ ಪ್ಲಾನ್ ಸರಿಯಾಗೇ ಇತ್ತು. ಕೊನೆಯ ರ‍್ಯಾಕಿನ ಮುಂದಿನ ತೂತಿನ ಟೈಲ್ ತೆಗೆದು ಮೂಲೆಗೆ ಹಾಕಿದ್ದು ನಾನು. ಅದಕ್ಕೇ ಕಾದು ನಿಂತುಹೋಯ್ತು. ಕೆಳಗೆ ಟೈಲ್ ಈಗಲೂ ಹಾಗೇ ಇದೆ, ಬೇಕಾದ್ರೆ ಬಂದು ನೋಡಿ. ತಪ್ಪು ನನ್ನದು. ಗೊತ್ತಾದ ಮೇಲೂ ಹೇಳಲಿಲ್ಲ, ಅದೂ ನನ್ನದೇ."

ನಕ್ಕವರೆಲ್ಲ ತಿರುಗಿ ಅವನನ್ನು ನೋಡಿದರು.

ಈ ಗಳಿಗೆಯನ್ನು ಎಷ್ಟು ಸಲ ಕನಸಿನಲ್ಲಿ ಕಂಡಿದ್ದಳು! ಈಗ ದೊಡ್ಡ ಸಾಹೇಬರು ಅವಳ ಕಡೆ ತಿರುಗುತ್ತಾರೆ, ಮುಖ ಚಿಕ್ಕದು ಮಾಡಿಕೊಂಡು, 'ನಮ್ಮಿಂದ ಅನ್ಯಾಯ ಆಯ್ತಮ್ಮ' ಅನ್ನುತ್ತಾರೆ...

"ಓ, ಹಾಗಾ?" ಎಂದರು ದೊಡ್ಡ ಸಾಹೇಬರು. ಕನ್ನಡಕ ಒರೆಸಿಕೊಂಡರು. "ಏನೋ ಆಯ್ತು ಬಿಡಿ, ಹಳೇ ಕಥೆ. ಅಂದ ಹಾಗೆ, ಯಾಕಪ್ಪಾ ತೆಗೆದೆ?"

"ಅಲ್ಲಿ ಕೂತಿದ್ದವರ ಕಾಲಿಗೆ ಚಳಿ ಆಗ್ತಿತ್ತು."

"ಯಾರು ಕೂತಿದ್ರು?"

"ಅದು ಮುಖ್ಯ ಅಲ್ಲ ಸಾರ್."

"ನಾನು ಕೂತಿದ್ದೆ," ಎಂದಳು ಅವಳು.

ಎಲ್ಲರೂ ತಿರುಗಿ ನೋಡಿದರು. ಅವಳೂ ಎದ್ದು ನಿಂತಿದ್ದಳು.

"ಅಷ್ಟು ಯಂತ್ರಕ್ಕೆ ಜಾಗ ಮಾಡಿಸಿಕೊಂಡ್ರಿ, ನನಗೆ ಒಂದು ಮೇಜು ಹಾಕೋಕೆ ಹೊರಗೆ ಜಾಗ ಕೊಡಲಿಲ್ಲ. ಅಲ್ಲಿ ಕೂತಿದ್ದೆ. ಚಳಿ ಆಗ್ತಿತ್ತು. ನಿಮಗೆ ಅದು ಹಳೇ ಕಥೆ ಸಾರ್. ನನಗೆ ಅದು ನಾಲ್ಕು ವರ್ಷ."

ದೊಡ್ಡ ಸಾಹೇಬರು ಕೆಮ್ಮಿದರು. ಅವಳ ಬದುಕನ್ನು ಮಗುಚಿ ಹಾಕಿದ್ದ ಸಂಗತಿ ಟೀ ಬರುವಷ್ಟರಲ್ಲಿ ಮುಗಿದುಹೋಯಿತು.

ಆಡಳಿತಾಧಿಕಾರಿ ಮಾತ್ರ ಅವನ ಕಡೆ ನೋಡಿ ಮೆತ್ತಗೆ ಕೇಳಿದರು. "ಅಂದ್ರೆ ನೀವು ಪ್ಲಾನ್ ಕೇಳದೆ ಟೈಲ್ ಬದಲಾಯಿಸೋರು. ನಾಳೆ ಐದನೇ ಮಹಡೀಲೂ ಯಾರಿಗೋ ಚಳಿ ಆದ್ರೆ?"

"ಮಾಡಲ್ಲ ಸಾರ್."

"ನಂಬೋದು ಹೇಗೆ? ಎಸಿ ಕೆಲಸಕ್ಕೆ ಬೇರೆಯವರನ್ನ ನೋಡ್ತೀವಿ. ತಪ್ಪು ತಿಳೀಬೇಡಿ."

ಅವನು ತಲೆಯಾಡಿಸಿದ. ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ಹೋಗುವಾಗ ಅವಳ ಕಡೆ ನೋಡಲಿಲ್ಲ.

ಸಂಜೆ ಅಕ್ಕ ಎಲ್ಲ ಕೇಳಿಸಿಕೊಂಡಳು.

"ಕೆಲಸ ಹೋಗತ್ತೆ ಅಂತ ಗೊತ್ತಿದ್ದೂ ಹೇಳಿದನಾ?"

"ಹ್ಞೂಂ."

"ಕ್ಷಮಿಸಿಬಿಡ್ತೀಯಾ?"

"ಗೊತ್ತಿಲ್ಲ ಅಕ್ಕ. ಖುಷಿ ಆಗತ್ತೆ ಅಂದ್ಕೊಂಡಿದ್ದೆ. ಒಂದು ಚೂರೂ ಆಗಲಿಲ್ಲ." ಅವಳು ಅಕ್ಕನ ತೊಡೆಯ ಮೇಲೆ ತಲೆಯಿಟ್ಟಳು. "ನನ್ನ ಕಾಲು ಬೆಚ್ಚಗಾದದ್ದು ನನಗೂ ಗೊತ್ತಾಗಿತ್ತು ಕಣೇ. ನಾನೂ ಬಗ್ಗಿ ನೋಡಲಿಲ್ಲ."

ಅಕ್ಕ ಅವಳ ಕೂದಲಲ್ಲಿ ಬೆರಳಾಡಿಸುತ್ತಾ ಕೂತಳು.

* * *

ಐದನೇ ಮಹಡಿ. ಖಾಲಿ ನೆಲ. ಅವಳು ಮಂಡಿಯೂರಿ ಟೇಪು ಹಚ್ಚುತ್ತಿದ್ದಳು. ನಾಲ್ಕು ವರ್ಷದ ಮೇಲೆ ಮೊದಲ ಸಲ. ಗೆರೆ ಆಗಾಗ ಸೊಟ್ಟವಾಗುತ್ತಿತ್ತು, ಕಿತ್ತು ಮತ್ತೆ ಹಚ್ಚುತ್ತಿದ್ದಳು. ಕಿಟಕಿಯ ಬಳಿ, ಬಿಸಿಲು ಬೀಳುವ ಕಡೆ, ಮೊದಲು ಬರೆದದ್ದು ಒಂದು ಮೇಜು. ಯಾರು ಕೂರುತ್ತಾರೋ ಅವರಿಗೆ.

ಹೆಜ್ಜೆಯ ಸದ್ದು ಕೇಳಿಸಿತು. ತಲೆಯೆತ್ತದೆಯೂ ಗೊತ್ತಾಯಿತು. ಹೆಜ್ಜೆ ಟೇಪಿನ ಹತ್ತಿರ ಬಂದು ನಿಂತಿತು. ದಾಟಲಿಲ್ಲ.

"ಉಳಿದ ಸಾಮಾನು ತಗೊಂಡು ಹೋಗೋಕೆ ಬಂದಿದ್ದೆ," ಎಂದ ಅವನು. "ಇದನ್ನ ನಿಮಗೆ ಕೊಟ್ಟು ಹೋಗೋಣ ಅಂತ..."

ಕೈಯಲ್ಲಿ ಟೈಲು ಎತ್ತುವ ರಬ್ಬರ್ ಹಿಡಿಕೆ ಇತ್ತು. ಹಳೆಯದು. ಹಿಡಿದು ಹಿಡಿದು ಸವೆದದ್ದು.

"ನನಗ್ಯಾಕೆ?"

"ನಿಮ್ಮ ಹತ್ರಾನೇ ಇರಲಿ. ಇನ್ಮೇಲೆ ಯಾರು ಟೈಲ್ ಎತ್ತಬೇಕಾದ್ರೂ ನಿಮ್ಮನ್ನ ಕೇಳಿ ಎತ್ತಲಿ."

ಅವಳು ಎದ್ದು ನಿಂತಳು. ಇಬ್ಬರ ನಡುವೆ ಒಂದು ರ‍್ಯಾಕಿನಷ್ಟು ಹಳದಿ ಚೌಕ.

"ನನ್ನ ನಾಲ್ಕು ವರ್ಷ ವಾಪಸು ಬರತ್ತಾ ಇದರಿಂದ?"

"ಇಲ್ಲ."

"ನನಗೆ ಸಿಟ್ಟು ಹೋಗಿಲ್ಲ. ಹೋಗತ್ತೋ ಇಲ್ವೋ ಗೊತ್ತಿಲ್ಲ. ರಾತ್ರಿ ಎದ್ದು ಕೂತು ಬೈತೀನಿ ನಿಮ್ಮನ್ನ. ಬಾಯಿಗೆ ಬಂದ ಹಾಗೆ."

"ಬೈಕೊಳ್ಳಿ. ನಾನೂ ಅದನ್ನೇ ಮಾಡ್ತೀನಿ."

"ಯಾರಿಗೆ?"

"ನನಗೇ."

ಅವಳು ತುಟಿ ಕಚ್ಚಿಕೊಂಡಳು. ಕಿಟಕಿಯ ಹೊರಗೆ ಯಾವುದೋ ಗಾಡಿ ಹಾರ್ನು ಹೊಡೆಯುತ್ತಾ ಹೋಯಿತು.

"ಆವತ್ತು ಕಾಲು ಬೆಚ್ಚಗಾಯ್ತಲ್ಲ," ಎಂದಳು ಮೆಲ್ಲಗೆ, "ನಿನ್ನಿಂದ ಅಂತ ಅಂದ್ಕೊಂಡಿದ್ದೆ. ಪ್ರೀತಿಗೆ ಅಂತ. ನಾನು ಅಷ್ಟು ಪೆದ್ದಿ. ಒಂದು ಸಲ ಬಗ್ಗಿ ನೋಡಿದ್ದಿದ್ರೆ..."

ಅವನ ಕಣ್ಣು ತುಂಬಿಕೊಂಡಿತು.

"ಈಗಲೂ ಚಳಿ ಆಗತ್ತಾ?"

"ಆಗತ್ತೆ."

"ಸಾಕ್ಸ್ ತರ್ತೀನಿ. ಟೈಲ್ ಮುಟ್ಟಲ್ಲ."

ನಗು ಬಂದೇಬಿಟ್ಟಿತು ಅವಳಿಗೆ. ನಗುವಿನ ಬೆನ್ನಿಗೇ ಅಳುವೂ ಬಂತು. ಟೇಪಿನ ಉಂಡೆಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

ಅವನು ಹಿಡಿಕೆಯನ್ನು ಚಾಚಿದ. ಅವಳೂ ಕೈ ಚಾಚಿದಳು. ಎಟುಕಲಿಲ್ಲ.

"ಒಳಗೆ ಬರ್ಲಾ?"

"ಅಲ್ಲಿಂದ ಬೇಡ. ಅದು ರ‍್ಯಾಕು."

"ಮತ್ತೆ ದಾರಿ?"

ಅವಳು ಕೋಣೆಯ ಆ ತುದಿಯ ಕಡೆ ಕೈ ತೋರಿಸಿದಳು.

"ಅಲ್ಲಿ ಬಾಗಿಲು ಬಿಟ್ಟಿದೀನಿ."

"ತುಂಬ ದೂರ ಆಗತ್ತಲ್ಲ..."

"ಆಗ್ಲಿ," ಎಂದಳು. ಕಣ್ಣು ಒರೆಸಿಕೊಳ್ಳಲೂ ಇಲ್ಲ. "ಸುತ್ತಿ ಬಾ."